ಕಲ್ಲಾಗುವ ಕುಬ್ಜನ ದನಿ

ನಾರ್ಸ್ ಪುರಾಣದ ಜ್ಞಾನಿ ಕುಬ್ಜ ಬಿಸಿಲು ತಾಗಿದರೆ ಕಲ್ಲಾಗುತ್ತಾನೆ. ಹೊಸ ವಿಡಿಯೋ ಗೇಮಿನಲ್ಲಿ ಅವನಿಗೆ ದನಿ ಕೊಡುತ್ತಿದ್ದ ಮಿಮಿಕ್ರಿಯವನು ತನ್ನ ಅಣ್ಣನ ಒಡಕು ಗಂಟಲನ್ನೇ ಎರವಲು ತಂದಿದ್ದ. ಇಂದು ರೆಕಾರ್ಡಿಂಗಿಗೆ ಉಳಿದಿದ್ದುದು ಕುಬ್ಜನ ಸಾವು ಮಾತ್ರ. ಅಣ್ಣನೋ ಅದೇ ಹೊತ್ತಿಗೆ ಆಪರೇಷನ್ ಟೇಬಲ್ಲಿನ ಮೇಲಿದ್ದ. ಬದುಕಿರುವವರ ದನಿಯಲ್ಲಿ ಸಾಯುವ ನಟನೆ ಮಾಡಬಾರದು, ಮಾಡಿದರೆ ಆ ದನಿ ಅಲ್ಲಿಗೇ ಮುಗಿಯುತ್ತದೆ ಎಂದು ಮಿಮಿಕ್ರಿ ಕಲಿಸಿದ ಗುರು ಆಣೆ ಹಾಕಿಸಿದ್ದರು.

"ಅತ್ತಿಗೆ ಫೋನ್ ಎತ್ತುತ್ತಿಲ್ಲ. ನಾಳೆ ಮಾಡೋಣ್ವಾ?" ಎಂದ, ಸ್ಟುಡಿಯೋದಲ್ಲಿ ಯಾವಾಗಲೂ ಮಾತಾಡುವಂತೆ ಅಣ್ಣನ ದನಿಯಲ್ಲೇ.

"ಇವತ್ತೇ ಕಳಿಸ್ಬೇಕು ಕಣಪ್ಪಾ. ಕುಬ್ಜನಿಗೆ ಸಾಯೋಕೂ ರಜಾ ಬೇಕಾ?" ಗಾಜಿನಾಚೆ ರೆಕಾರ್ಡಿಂಗಿನವಳು ನಕ್ಕಳು.

ಕೆಂಪು ದೀಪ ಹತ್ತಿತು. ಪರದೆಯ ಮೇಲೆ ಕುಬ್ಜನ ಕಾಲು ಕಲ್ಲಾಯಿತು, ಸೊಂಟ ಕಲ್ಲಾಯಿತು. ಅಲ್ಲಿಯವರೆಗೂ ಅಣ್ಣನ ದನಿಯೇ ನಡೆಯಿತು. ಕಲ್ಲು ಕುತ್ತಿಗೆಗೆ ಏರಿತು. ಸಟ್ಟನೆ ಮಿಮಿಕ್ರಿಯವನು ಅಣ್ಣನ ದನಿ ಬಿಟ್ಟು, "ಬೆಳಗಾಯ್ತಾ?" ಎಂದು ತನ್ನ ಸ್ವಂತ ದನಿಯಲ್ಲೇ ಕೇಳಿ ಉಸಿರು ನಿಲ್ಲಿಸಿದ.

"ಮೈ ಜುಂ ಅಂತು," ಎಂದಳು ಅವಳು. "ಕೊನೇ ಮಾತು ಯಾರ ದನಿ? ನಿನ್ನ ಬಾಯಲ್ಲಿ ಕೇಳೇ ಇರ್ಲಿಲ್ಲ."

ಅಷ್ಟರಲ್ಲಿ ಫೋನ್ ಬಂತು. "ನಿಮ್ಮಣ್ಣ ಕಣ್ಣು ಬಿಟ್ರು," ಎಂದರು ಅತ್ತಿಗೆ. "ಹಲೋ? ಏನಾದ್ರೂ ಮಾತಾಡಿ."

ಅವನು ಬಾಯಿ ತೆರೆದ. ಬರೀ ಗಾಳಿ ಬಂತು.