ಮೇಲಿನಿಂದ ಕಾಣುವ ಕೈಗಳು

ಆ ಕೊಕ್ಕೆಯನ್ನು ತೊಲೆಗೆ ಯಾವ ಪುಣ್ಯಾತ್ಮ ಬಿಗಿದನೋ, ಅಷ್ಟು ದೊಡ್ಡ ದೀಪದ ಗೊಂಚಲು, ಒಂದೇ ಒಂದು ಸರಪಳಿ, ಕೆಳಗೆ ಇಷ್ಟೊಂದು ತಲೆ— ಒಬ್ಬರಾದರೂ ಮೇಲೆ ನೋಡಬೇಕಲ್ಲ, ಊಹೂಂ, ಎಲ್ಲರೂ ಕಣ್ಣು ಮುಚ್ಚಿ ಪಾಪನಿವೇದನೆಯ ಪ್ರಾರ್ಥನೆ ಹೇಳುತ್ತಿದ್ದಾರೆ, ಅವನೂ ಹೇಳುತ್ತಿದ್ದಾನೆ, ತುಟಿ ತನ್ನ ಪಾಡಿಗೆ ಹೇಳುತ್ತಿದೆ, ಕಣ್ಣು ಮಾತ್ರ ಕೊಂಡಿಯಿಂದ ಕೊಂಡಿಗೆ ಸರಪಳಿ ಹತ್ತುತ್ತಿದೆ, ಕಣ್ಣಿಗೇನು, ಹತ್ತುತ್ತದೆ, ಗುರುವಾರ ಕಾಲಿಗೆ ಆಗಲಿಲ್ಲ. ಮೀಸೆ ಸರಿಯಾಗಿ ಬಲಿಯುವ ಮೊದಲಿಂದ ಕ್ರೇನಿನ ಏಣಿ ಹತ್ತಿದವನು, ಕೆಲಸದ ಜಾಗದಲ್ಲಿ ಎಲ್ಲರೂ ಹದ್ದು ಅಂತಲೇ ಕರೆಯುವವನು, ಅರ್ಧ ಏಣಿಯಲ್ಲಿ ಕಂಬಿ ತಬ್ಬಿಕೊಂಡು ನಿಂತುಬಿಟ್ಟ, ಕೆಳಗಿನಿಂದ ಇಂಜಿನಿಯರು ಕತ್ತು ಎತ್ತಿ, ಏನಪ್ಪಾ ಹದ್ದು, ರೆಕ್ಕೆ ಮುರೀತಾ, ಸೋಮವಾರ ಮೇಲೆ ಕೂರ್ತೀಯೋ ಇಲ್ಲ ಬೇರೆಯವರನ್ನ ಕರೆಸ್ಲೋ, ಈಗ್ಲೇ ಹೇಳ್ಬಿಡು. ಸೋಮವಾರ ಅಂದರೆ ನಾಳೆ. ಈ ಕೈಗೆ ಬೇರೆ ಕೆಲಸ ಬರುವುದಿಲ್ಲ, ಹೆಂಡತಿ ಏನೋ ಕೆಳಗೇ ಏನಾದ್ರೂ ನೋಡ್ಕೊಂಡ್ರಾಯ್ತು ಬಿಡಿ ಅಂದಳು, ಅಂದು ಆ ಕಡೆ ತಿರುಗಿ ಅತ್ತಳು.

ಆಮೆನ್. ಎಲ್ಲರೂ ಕೂತರು, ಬೆಂಚು ಕಿರ್ ಎಂದಿತು, ಮುಂದಿನ ಬೆಂಚಿನಲ್ಲಿ ಭಾವನ ಕತ್ತು. ಇಲ್ಲಿ ಕೂರುವ ಮನಸ್ಸೇ ಇರಲಿಲ್ಲ, ಬಾಗಿಲ ಹತ್ತಿರ ಕಂಬದ ಹಿಂದೆ ನುಸುಳುತ್ತಿದ್ದ, ಅಕ್ಕ ಬಿಡಬೇಕಲ್ಲ, ಕಳ್ಳನ ಥರ ಅಲ್ಯಾಕೋ ಕೂರ್ತೀಯ, ಬಾ ನಮ್ಮ ಹಿಂದೆ— ಭಾವ ಆಸ್ಪತ್ರೆಯಿಂದ ಬಂದದ್ದು ನಿನ್ನೆ, ಮಲಗಿರಿ ಅಂದರೂ ಕೇಳದೆ ಚರ್ಚಿಗೆ ಹೊರಟರಂತೆ, ಬಲಗೈ ತುಂಬ ಬಿಳಿ ಬ್ಯಾಂಡೇಜು, ಒಳಗೆ ಎರಡು ಬೆರಳಿಲ್ಲ. ಅಂಗಿಯ ಗುಂಡಿ ಅಕ್ಕ ಹಾಕಿರಬೇಕು, ಕಾಲರು ಒಂದು ಕಡೆ ಮಡಚಿಕೊಂಡು ಒಳಗೇ ಉಳಿದಿದೆ, ಸರಿಮಾಡಲೇ, ಬೇಡ, ಮುಟ್ಟಿದರೆ ತಿರುಗುತ್ತಾರೆ, ತಿರುಗಿದರೆ ಮುಖ ನೋಡಬೇಕು. ಆಸ್ಪತ್ರೆಗೆ ಹೋದಾಗಲೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು, ನಿದ್ದೆಯೋ ಸಿಟ್ಟೋ, ಅಕ್ಕನನ್ನು ಕೇಳಿದರೆ ನಂಗೇನು ಗೊತ್ತೋ, ನೀನೇ ಕೇಳು. ಮಂಗಳವಾರ ಗಾಳಿ, ಹೌದು, ಗಾಳಿ ಇತ್ತು, ಎಲ್ಲರೂ ಗಾಳಿ ಎಂದೇ ಹೇಳಿದರು. ಕೆಳಗೆ ನಿಂತು ಕೈಸನ್ನೆ ಮಾಡುವವರು ಭಾವ, ಮೇಲೆ ಗಾಜಿನ ಕ್ಯಾಬಿನ್ನಿನಲ್ಲಿ ಕೂತು ಆ ಕೈ ನೋಡಿ ಲಿವರ್ ಎಳೆಯುವವನು ಅವನು, ಕಬ್ಬಿಣದ ಸರಳಿನ ಕಂತೆ ತೂಗಾಡಿತು, ಭಾವ ನಿಲ್ಲಿಸು ಎಂದು ಕೈ ಬೀಸಿದರು, ಅವನು ನಿಲ್ಲಿಸಿದ— ಕೂಡಲೇ ನಿಲ್ಲಿಸಿದನೇ, ಕಣ್ಣು ಮಿಟುಕಿಸುವಷ್ಟು ತಡವಾಯಿತೇ, ಗಾಳಿಯೋ ಈ ಕೈಯೋ, ಇದೊಂದನ್ನು ಯಾರನ್ನು ಕೇಳುವುದು. ಕಂತೆಗೂ ಕಂಬಕ್ಕೂ ನಡುವೆ ಭಾವನ ಕೈ. ಅಷ್ಟು ಎತ್ತರಕ್ಕೆ ಕಿರುಚಿದ್ದು ಕೇಳಿಸಲೂ ಇಲ್ಲ, ಕತ್ತು ಮೇಲೆತ್ತಿ ಬಾಯಿ ತೆರೆದದ್ದು ಮಾತ್ರ ಕಂಡಿತು.

ಪಾದ್ರಿಗಳು ಎರಡೂ ಕೈ ಅಗಲಕ್ಕೆ ಚಾಚಿ ಪ್ರಾರ್ಥಿಸುತ್ತಿದ್ದಾರೆ, ಅಯ್ಯೋ, ನಮ್ಮ ಕೆಲಸದಲ್ಲಿ ಹಾಗೆ ಚಾಚಿದರೆ ಇದ್ದದ್ದು ಇದ್ದ ಹಾಗೇ ನಿಲ್ಲಿಸು ಅಂತ, ನಗು ಬಂತು, ಈ ವಾರದಲ್ಲಿ, ಅದೂ ಚರ್ಚಿನಲ್ಲಿ, ನಗು! ಈಗ ಅಂಗೈ ಮೇಲೆ ಮಾಡಿದರು, ಅದರ ಅರ್ಥ ಗೊತ್ತಿಲ್ಲ, ನಮ್ಮಲ್ಲಿ ಆ ಸನ್ನೆಯೇ ಇಲ್ಲ, ಏನನ್ನೋ ಕೊಡು ಅನ್ನುವ ಹಾಗಿದೆ, ಯಾರಿಗೆ, ಮೇಲಿರುವ ದೇವರಿಗೆ ತಾನೇ, ಹಾಗಾದರೆ ದೇವರೂ ಹೀಗೆಯೇ ಕೂತಿರುತ್ತಾನೋ, ಗಾಜಿನ ಹಿಂದೆ, ಒಬ್ಬನೇ, ಕೆಳಗಿನ ಗಲಾಟೆಯಲ್ಲಿ ಮಾತು ಕೇಳಿಸದೆ, ಬರೀ ಕೈಗಳನ್ನು ನೋಡುತ್ತಾ— ಮೇಲಿಂದ ಮುಖ ಕಾಣಿಸುವುದಿಲ್ಲ, ಹೆಲ್ಮೆಟ್ಟು, ಹೆಗಲು, ಕೈ, ಅಷ್ಟೇ, ಅಷ್ಟರಲ್ಲೇ ಯಾರು ದಣಿದಿದ್ದಾರೆ, ಯಾರು ಮನೆಯಲ್ಲಿ ಜಗಳ ಆಡಿ ಬಂದಿದ್ದಾರೆ, ಎಲ್ಲ ತಿಳಿದುಬಿಡುತ್ತದೆ. ದೇವರಿಗೂ ತಿಳಿಯುತ್ತಿರಬಹುದು. ಎಲ್ಲರೂ ಎದ್ದು ನಿಂತರು, ಗೀತೆ ಶುರುವಾಯಿತು, ಚಿಕ್ಕಂದಿನಿಂದ ಹಾಡಿದ ಧಾಟಿ, ಮೊದಲ ಚರಣ ಪುಸ್ತಕ ನೋಡುತ್ತಲೇ ಮುಗಿಯಿತು, ಎರಡನೆಯದಕ್ಕೆ ಮುಂದಿನ ಬೆಂಚಿನಿಂದ ಭಾವನ ದನಿ, ಎಂದಿನಂತೆ ರಾಗಕ್ಕೂ ತಮಗೂ ಸಂಬಂಧವೇ ಇಲ್ಲದ ಹಾಗೆ, ದೊಡ್ಡದಾಗಿ, ಅಕ್ಕ ಎಂದಿನಂತೆ ಮೊಣಕೈಯಲ್ಲಿ ತಿವಿದಳು, ಮೆಲ್ಲಗೆ ರೀ. ಹಾಡುತ್ತಾರಲ್ಲ ಇವರು! ಎರಡು ಬೆರಳು ಕಳಕೊಂಡವರು ಹಾಡುತ್ತಿದ್ದಾರೆ, ಅದು ಎಲ್ಲಿಂದ ಬರುತ್ತದೆ, ಬೆಂಚಿನ ಹಲಗೆ ಕೂಡ ಗುಂಯ್ ಅನ್ನುತ್ತಿದೆ, ಅವನ ಬಾಯಿ ತಾನಾಗಿ ತೆರೆಯಿತು, ಮಂಗಳವಾರದಿಂದ ಎದೆಯಲ್ಲೇ ಸಿಕ್ಕಿಕೊಂಡಿದ್ದ ಉಸಿರು ಹೊಟ್ಟೆಯವರೆಗೆ ಇಳಿಯಿತು, ಹಾಯೆನಿಸಿತು, ಇಷ್ಟು ಜನರ ದನಿಯಲ್ಲಿ ತನ್ನದು ಯಾವುದು ಅಂತ ಅವನಿಗೇ ತಿಳಿಯಲಿಲ್ಲ.

ಒಬ್ಬರಿಗೊಬ್ಬರು ಸಮಾಧಾನ ಹೇಳೋಣ ಎಂದರು ಪಾದ್ರಿಗಳು, ಅಯ್ಯೋ ದೇವರೇ, ಇದರ ನೆನಪೇ ಇರಲಿಲ್ಲ, ಈಗ ಎಲ್ಲರೂ ಅಕ್ಕಪಕ್ಕ, ಹಿಂದೆ ಮುಂದೆ ತಿರುಗಿ ಕೈ ಕುಲುಕಬೇಕು, ಪಕ್ಕದ ಅಜ್ಜಿ ಕೈ ಹಿಡಿದರು, ಸಮಾಧಾನ ಮಗನೇ, ಸಮಾಧಾನ ಅಜ್ಜಿ, ಮುಂದೆ ಕತ್ತು, ಕಿವಿ, ಕೆನ್ನೆ, ಭಾವ ತಿರುಗಿಯೇಬಿಟ್ಟರು. ಅವನ ಬಲಗೈ ಅಭ್ಯಾಸಬಲದಿಂದ ಮುಂದೆ ಹೋಯಿತು, ಥೂ, ಬ್ಯಾಂಡೇಜಿನ ಮುಂದೆ ಬಲಗೈಯನ್ನೇ ಚಾಚಿದನಲ್ಲ, ಹಿಂದಕ್ಕೆ ಎಳೆಯಲೇ, ಎಳೆದರೆ ಇನ್ನೂ ಕೆಟ್ಟದ್ದು, ಭಾವ ಆ ಕೈ ನೋಡಿದರು, ಅವನ ಮುಖ ನೋಡಿದರು, ಭಾವ, ಗಾಳಿನೋ ನಾನೋ ಗೊತ್ತಿಲ್ಲ ಭಾವ— ಹೇಳಿಬಿಟ್ಟನೇ, ಹೇಳಿಯೇಬಿಟ್ಟ, ಅಕ್ಕ ತುಟಿ ಕಚ್ಚಿಕೊಂಡಳು. ನಂಗೂ ಗೊತ್ತಿಲ್ಲ ಕಣೋ, ಅಂದರು ಭಾವ, ಗೋಡೆ ನೋಡ್ಕೊಂಡು ಅದನ್ನೇ ಯೋಚಿಸ್ತಿದ್ದೆ, ನಾನೇ ಸನ್ನೆ ತಡ ಮಾಡಿದ್ನೇನೋ ಅಂತ, ನಿನ್ನ ಮುಖ ನೋಡೋಕೇ ಆಗ್ಲಿಲ್ಲ, ಹೋಗ್ಲಿ, ನಾಳೆ ಏಣಿ ಹತ್ತು. ನೀವಿಲ್ದೆ ಯಾರ ಕೈ ನೋಡ್ಲಿ ಭಾವ. ಭಾವ ಎಡಗೈ ಎತ್ತಿದರು, ತೋರುಬೆರಳು ಮೇಲಕ್ಕೆ, ಸಣ್ಣಗೆ ಸುತ್ತಿಸಿದರು, ಎತ್ತು ಎಂಬ ಸನ್ನೆ, ಆಮೇಲೆ ನೋವಿಗೆ ಮುಖ ಕಿವುಚಿಕೊಂಡೇ ಬ್ಯಾಂಡೇಜಿನ ಕೈ ತಂದು ಆ ಬೆರಳಿನ ಮೇಲೆ ಅಡ್ಡ ಹಿಡಿದರು, ಹಾಗೆ ಇನ್ನೊಂದು ಕೈ ಅಡ್ಡ ಹಿಡಿದರೆ ನಿಧಾನ, ನಿಧಾನವಾಗಿ ಎತ್ತು, ಚಾಚಿದ್ದ ಅವನ ಕೈ ತಾನೇ ಮುಷ್ಟಿಯಾಗಿ ಅಲ್ಲಿ ಇಲ್ಲದ ಲಿವರನ್ನು ಹಿಡಿದು ಎಳೆಯಿತು, ಇಷ್ಟೇ ಇಷ್ಟು, ಪಾದ್ರಿಗಳು ಏನೋ ಹೇಳುತ್ತಿದ್ದಾರೆ, ಎಲ್ಲರೂ ಕೂರುತ್ತಿದ್ದಾರೆ, ಇಬ್ರೂ ಕೂತ್ಕೊಳ್ರಪ್ಪಾ ಅನ್ನುತ್ತಿದ್ದಾಳೆ ಅಕ್ಕ, ಬಿಳಿ ಬ್ಯಾಂಡೇಜು, ಅದರ ಕೆಳಗೆ ಬೆರಳು, ಸುತ್ತುತ್ತಿದೆ, ಬಿಳಿ ಬ್ಯಾಂಡೇಜಿನ ಕೆಳಗೆ ಒಂದು ಬೆರಳು, ಇನ್ನೂ ಸುತ್ತುತ್ತಿದೆ