ಬೇಯಾಳ ಅಂಗಳದ ಮೊಸಳೆ ಮರಿಗಳು

ಹೂ ಕೊಯ್ಲಿಗೆ ಇನ್ನು ಹನ್ನೆರಡೇ ದಿನವಿತ್ತು. ಕಡಲಾಚೆಯ ನಾಬಲ್ ಊರಿನ ಬೇಯಾಳ ಅಂಗಳದಲ್ಲಿ ಕಹಿಕಿತ್ತಳೆ ಮರದ ಚಿಗುರೆಲ್ಲ ಮುದುಡಿ ಅಂಟಂಟಾಗಿತ್ತು. ಎಲೆಯಡಿ ರಸ ಹೀರುವ ಸಸ್ಯಹೇನು ಮುತ್ತಿತ್ತು. ಅವಳ ತಾಯಿ ನೆಟ್ಟ ಮರ ಅದು. ಅದರ ಹೂವನ್ನು ತಾಮ್ರದ ಪಾತ್ರೆಯಲ್ಲಿ ಬಟ್ಟಿ ಇಳಿಸಿದ ಹೂನೀರಿಲ್ಲದೆ ಆ ಮನೆಯಲ್ಲಿ ಮದುವೆಯ ಸಿಹಿ ಆದದ್ದೇ ಇಲ್ಲ. ಈ ಬೇಸಿಗೆಗೆ ಮಗಳು ಎಮ್ನಾಳ ಮದುವೆ.

ಗಂಡ ಮೊನ್ಸೆಫ್ ಸಂತೆಯಿಂದ ಔಷಧಿ ಬಾಟಲಿ ತಂದ.

"ಬೀಗರು ಬಂದಾಗ ಅಂಗಳ ಚಿತ್ರದಂಗಿರಬೇಕು. ಈ ರೋಗಿಷ್ಟ ಮರ ನೋಡಿದ್ರೆ ಏನಂದಾರು?"

ಗೋಡೆಯಾಚೆಯಿಂದ ಪಕ್ಕದ ಮನೆಯ ಸಾಲ್ಹಾ ಚಿಕ್ಕಮ್ಮ ಇಣುಕಿದಳು. ಮಹಿಳಾ ಸಂಘದಲ್ಲಿ ಕೈತೋಟದ ಕೆಲಸ ಕಲಿತವಳು. ಕಲಿತದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಕೂರುವವಳಲ್ಲ.

"ಮದುವೆಗೆ ಹೂನೀರು ಬೇಡ್ವೇನಪ್ಪ?"

"ಬೇಡದೆ ಏನು!"

"ಹಂಗಾದ್ರೆ ಆ ಬಾಟಲಿ ಮೇಲೆ ಏನು ಬರೆದಿದೆ ಓದು."

ಮೊನ್ಸೆಫ್ ಕನ್ನಡಕ ಹುಡುಕಿದ. ಸಿಂಪಡಿಸಿದ ಮೇಲೆ ಇಪ್ಪತ್ತೊಂದು ದಿನ ಕೊಯ್ಯಬಾರದು ಎಂದಿತ್ತು.

"ಕೆಳಗೆ ಪುದೀನ, ಕಾಮಕಸ್ತೂರಿ ಬೇರೆ ಇದೆ" ಎಂದಳು ಚಿಕ್ಕಮ್ಮ. "ಅದರ ಬದಲು ಆಲಿವ್ ಎಣ್ಣೆಯ ಸಾಬೂನನ್ನ ನೀರಲ್ಲಿ ತೆಳ್ಳಗೆ ಕದಡಿ ಹೊಡೀರಿ."

"ಹೇನಿಗೆ ಸ್ನಾನ ಮಾಡಿಸ್ಬೇಕಾ? ಬೆನ್ನು ಉಜ್ಜೋರು ಯಾರು, ನೀನೋ?"

"ನಗು, ನಗು." ಚಿಕ್ಕಮ್ಮ ಅಂಗಳಕ್ಕೇ ಬಂದಳು. "ಈ ಇರುವೆ ಸಾಲು ಮರಕ್ಕೆ ಯಾಕೆ ಹತ್ತುತ್ತಿದೆ, ಹೇಳು ನೋಡೋಣ."

"ಹೇನು ತಿನ್ನೋಕೆ."

"ಹಾಲು ಕರೆಯೋಕೆ! ಹೇನು ಸುರಿಸೋ ಸಿಹಿ ಅಂಟು ಇರುವೆಗೆ ಬೇಕು. ನಿಮ್ಮಪ್ಪ ಕುರಿ ಕಾದಂಗೆ ಹೇನನ್ನ ಕಾಯ್ತಾವೆ, ತಿನ್ನೋಕೆ ಬಂದ ಹುಳುನ ಓಡಿಸ್ತಾವೆ."

ಬೇಯಾ ಬಗ್ಗಿ ನೋಡಿದಳು. ಐವತ್ತು ವರ್ಷ ಈ ಮರದ ಕೆಳಗೇ ಓಡಾಡಿದ್ದರೂ ಇದನ್ನು ಕಂಡಿರಲಿಲ್ಲ. ಅಷ್ಟರಲ್ಲಿ ಎಲೆಯ ಮೇಲೆ ಮೊಸಳೆ ಮರಿಯಂಥ ಕಪ್ಪು ಹುಳುವೊಂದು ಹರಿದು ಬಂತು. ಹಿಸುಕಲು ಹೆಬ್ಬೆರಳು ಚಾಚಿದಳು.

ಚಿಕ್ಕಮ್ಮ ಕೈ ಹಿಡಿದಳು. "ತಡಿ ತಡಿ! ಅದು ಕೆಂಪು ಬೆನ್ನಿಗೆ ಕಪ್ಪು ಚುಕ್ಕೆ ಇರುತ್ತಲ್ಲ, ಆ ಗುಲಗಂಜಿ ಹುಳುವಿನ ಮರಿ ಕಣೇ. ಅದರ ಊಟವೇ ಹೇನು."

"ಅಯ್ಯೋ! ವಾರದಿಂದ ಕಂಡಕಂಡಲ್ಲಿ ಹಿಸುಕ್ತಿದ್ದೀನಲ್ಲ! ನನ್ನ ಕಾವಲುಗಾರರನ್ನ ನಾನೇ ಕೊಂದೆನಾ?"

ಮಾತಾಯಿತು: ಐದು ದಿನ ನೋಡುವುದು, ಆಗದಿದ್ದರೆ ಈ ಸಲದ ಹೂವಿನಾಸೆ ಬಿಟ್ಟು ಮೊನ್ಸೆಫ್ ತಂದ ಔಷಧಿ ಹೊಡೆಯುವುದು. ಹೇನು ತುಂಬಿದ ಒಂದು ಚಿಗುರಿಗೆ ಬೇಯಾ ಗುರುತಿಗೆಂದು ಕೆಂಪು ದಾರ ಕಟ್ಟಿದಳು. ಕಾಂಡಕ್ಕೆ ಬಟ್ಟೆ ಸುತ್ತಿ ಅದರ ಮೇಲೆ ಅಂಟು ಬಳಿದರು, ಇರುವೆಗೆ ದಾಟಲಾಗದಾಯಿತು. ಮೊಸಳೆ ಮರಿಗಳಿಲ್ಲದ ಕೊಂಬೆಗಳ ಎಲೆಯಡಿಗೆ ಇಳಿಹೊತ್ತಿನಲ್ಲಿ ಸಾಬೂನು ನೀರು ಹೊಡೆದು, ಬೆಳಿಗ್ಗೆ ಬರೀ ನೀರಲ್ಲಿ ತೊಳೆದರು.

ಮೂರನೆಯ ಬೆಳಿಗ್ಗೆ ಬೇಯಾ ಎದ್ದು ಬಂದಾಗ ಮೊನ್ಸೆಫ್ ಆಗಲೇ ಮರದಡಿ ಕನ್ನಡಕ ಹಾಕಿ ನಿಂತಿದ್ದ.

"ಶ್! ಊಟ ಮಾಡ್ತಾ ಇದೆ. ಇದು ಒಂಬತ್ತನೇ ಹೇನು."

ಐದನೆಯ ದಿನ ಕೆಂಪು ದಾರದ ಚಿಗುರಿನಲ್ಲಿ ಹೇನಿನ ಒಣ ಸಿಪ್ಪೆಯಷ್ಟೇ ಉಳಿದಿತ್ತು. ಮುದುಡಿದ ಎಲೆ ಮುದುಡಿಯೇ ಇತ್ತು, ಹೊಸ ಎಲೆ ನೆಟ್ಟಗೆ ಬಂದಿತ್ತು. ಮೊನ್ಸೆಫ್ ಬಾಟಲಿಯನ್ನು ಮುಚ್ಚಳ ತೆರೆಯದೆ ಅಂಗಡಿಗೆ ಹಿಂತಿರುಗಿಸಿ ಬಂದ.

ಬಣ್ಣ ಕೆಟ್ಟು ಮೂಲೆ ಸೇರಿದ್ದ ನೀಲಿ ಕುಂಡಗಳನ್ನು ಬೇಯಾ ಸಾಲಾಗಿ ಇಟ್ಟಳು: ಒಂದರಲ್ಲಿ ಮೆಣಸಿನಗಿಡ, ಒಂದರಲ್ಲಿ ಚೆಂಡುಹೂ. ಬಲಿತ ಕೊತ್ತಂಬರಿಯನ್ನು ಕೀಳಲಿಲ್ಲ. ಅದರ ಬಿಳಿ ಹೂವಿಗೆ ಗುಲಗಂಜಿ ಹುಳುಗಳು ಬರುತ್ತವೆ ಎಂದಿದ್ದಳು ಚಿಕ್ಕಮ್ಮ.

ಹನ್ನೆರಡನೆಯ ದಿನ ಮರದಡಿ ಬಿಳಿ ಬಟ್ಟೆ ಹಾಸಿ ಹೂ ಕೊಯ್ದರು. ಮೊದಲ ಹೂನೀರು ಮೊನ್ಸೆಫನ ಕಾಫಿಗೆ ಬಿತ್ತು. ಅವನು ಹೀರಿ, ಕಣ್ಣು ಮುಚ್ಚಿದ. "ನಿಮ್ಮಮ್ಮ ಮಾಡಿದ ಹಾಗೇ ಇದೆ."

ಓದುವವರೇ, ನಿಮ್ಮ ಕರಿಬೇವಿನ ಗಿಡದಲ್ಲೋ ದಾಸವಾಳದಲ್ಲೋ ಹೇನು ಕಂಡರೆ ಔಷಧಿಗೆ ಓಡಬೇಡಿ. ಮೊದಲು ಎಲೆ ಮಗುಚಿ ನೋಡಿ. ಒಂದು ಚಿಗುರಿಗೆ ದಾರ ಕಟ್ಟಿ, ಐದು ದಿನ ಕಾಯಿರಿ. ಅಲ್ಲಿ ಮೊಸಳೆ ಮರಿ ಹರಿದಾಡುತ್ತಿದ್ದರೆ ಹೆಬ್ಬೆರಳು ಹಿಂದಕ್ಕೆ ತೆಗೆದುಕೊಳ್ಳಿ. ಅದು ನಿಮ್ಮ ಕೆಲಸಕ್ಕೇ ಬಂದಿರುತ್ತದೆ.