ಚಿಕ್ಕಮ್ಮನ ನಾಲ್ಕು ಹಾಸಿಗೆ

ಮುಕ್ತ ಮಾರುಕಟ್ಟೆಯ ಪರವಾಗಿ ನನ್ನಷ್ಟು ಡೈರಿ ಬರೆದು ತುಂಬಿಸಿದವರು ನಮ್ಮ ಬೀದಿಯಲ್ಲಿ ಯಾರೂ ಇರಲಿಕ್ಕಿಲ್ಲ. ನನ್ನಷ್ಟು ಕೈಲಾಗದ ಗಿರಾಕಿಯೂ ಇರಲಿಕ್ಕಿಲ್ಲ. ತರಕಾರಿಯವನು ಮೆತ್ತಗಾದ ಟೊಮೇಟೊ ತೂಗಿದರೆ ತೆಪ್ಪಗೆ ಚೀಲ ಹಿಡಿಯುತ್ತೇನೆ. ಬೇರೆ ಅಂಗಡಿ ಆರಿಸಿಕೊಳ್ಳುವುದೇ ಗಿರಾಕಿಯ ದೊಡ್ಡ ಶಕ್ತಿ ಎಂದು ಮನೆಗೆ ಬಂದು ಬರೆದುಕೊಳ್ಳುತ್ತೇನೆ. ಮರುವಾರ ಮತ್ತೆ ಅವನಲ್ಲಿಗೇ ಹೋಗುತ್ತೇನೆ. ಹೊಸ ಅಂಗಡಿ ಎಂದರೆ ಹೊಸದಾಗಿ ಮಾತಾಡಬೇಕಲ್ಲ.

ಇಂಥವಳನ್ನು ಚಿಕ್ಕಮ್ಮ ತನ್ನ ಪರವಾಗಿ ಮಾತಾಡಲು ಆರಿಸಿದ್ದಳು. ಮನೆಯಲ್ಲಿ ಅರ್ಥಶಾಸ್ತ್ರದ ಪದವಿ ಇದ್ದದ್ದು ನನಗೊಬ್ಬಳಿಗೇ. ಕಷ್ಟಕಾಲಕ್ಕೆಂದು ಎತ್ತಿಟ್ಟ ಒಡವೆಯಂತೆ ಅದನ್ನು ಎಲ್ಲರೂ ಕಾಪಾಡಿಕೊಂಡು ಬಂದಿದ್ದರು.

ಚಿಕ್ಕಮ್ಮ ಫಿಸಿಯೋಥೆರಪಿಸ್ಟ್. ದೊಡ್ಡ ಆಸ್ಪತ್ರೆಯಲ್ಲಿ ಕೂದಲು ನರೆಯುವವರೆಗೆ ದುಡಿದು, ಕೆಲಸ ಬಿಟ್ಟು, ಅದರ ಹಿಂದಿನ ಬೀದಿಯಲ್ಲೇ ಒಂದು ಮನೆಯ ಕೆಳಭಾಗವನ್ನು ಬಾಡಿಗೆಗೆ ಹಿಡಿದಿದ್ದಳು. ಹಿಡಿದು ನಡೆಯಲು ಎರಡು ಸಾಲು ಕಂಬಿ, ಗೋಡೆಗೆ ರಾಟೆ ಮತ್ತು ಹಗ್ಗ, ಎಲ್ಲಿಗೂ ಹೋಗದ ಮೂರು ಮೆಟ್ಟಿಲಿನ ಮರದ ಏಣಿ. ಲಕ್ವ ಹೊಡೆದವರು, ಮಂಡಿ ಆಪರೇಷನ್ ಆದವರು ಕೆಲವು ದಿನ ಅಲ್ಲೇ ಇದ್ದು ಕಲಿಯಲೆಂದು ಒಳಕೋಣೆಯಲ್ಲಿ ನಾಲ್ಕು ಹಾಸಿಗೆ. ಅಗ್ನಿಶಾಮಕ ದಳದವರು ನೋಡಿ ಹೋಗಿದ್ದರು, ಆರೋಗ್ಯ ಇಲಾಖೆಯವರು ನೋಡಿ ಹೋಗಿದ್ದರು. ಯಾರಿಗೂ ತಕರಾರಿರಲಿಲ್ಲ. ಉಳಿದಿದ್ದು ಒಂದೇ. ಹೊಸದಾಗಿ ಹಾಸಿಗೆ ಹಾಕುವವರು ಆ ಊರಿಗೆ ಅವುಗಳ ಅಗತ್ಯ ಇದೆಯೆಂದು ರಾಜ್ಯ ಸರ್ಕಾರದ ಸಮಿತಿಯ ಮುಂದೆ ಸಾಬೀತು ಮಾಡಬೇಕು. ಈಗಾಗಲೇ ಇರುವ ಆಸ್ಪತ್ರೆಗಳು ಬಂದು ಅಡ್ಡಿ ಹೇಳಬಹುದು.

ವಿಚಾರಣೆಯ ಹಿಂದಿನ ದಿನ ಚಿಕ್ಕಪ್ಪ ನನ್ನನ್ನು ಕೂರಿಸಿಕೊಂಡು ತಾಲೀಮು ಮಾಡಿಸಿದ.

"ಹೋಟ್ಲು ತೆಗೀಬೇಕು ಅಂದ್ರೆ ಎದುರಿನ ಹೋಟ್ಲವನನ್ನ ಕೇಳಬೇಕು ಅಂದ ಹಾಗಾಯ್ತು," ಎಂದೆ.

"ಇದನ್ನ ಹೇಳೋಕೆ ಕಾಲೇಜಿಗೆ ಹೋಗ್ಬೇಕಿತ್ತಾ, ಪ್ರೊಫೆಸರ್? ಸರಿ, ಅವರು ಕೇಳ್ತಾರೆ, ಹಾಗಾದ್ರೆ ಸರ್ಕಾರನೇ ಬೇಡ್ವಾ ಅಂತ. ಚಿಕ್ಕವಳಿದ್ದಾಗ ನಿಂಗೆ ಪೋಲಿಯೋ ಹನಿ ಹಾಕಿದ್ದು ಮಾರುಕಟ್ಟೆನಾ?"

"ಬೇಡ ಅಂತ ಎಲ್ಲಿ ಅಂದೆ? ಕಟ್ಟಡ ಗಟ್ಟಿ ಇದೆಯಾ, ಚಿಕಿತ್ಸೆ ಕೊಡೋರು ಓದಿದ್ದಾರಾ, ನೋಡ್ಲಿ. ಇಲ್ಲದವರಿಗೆ ದುಡ್ಡು ಕೊಡ್ಲಿ, ಎಲ್ಲಿಗೆ ಹೋಗ್ಬೇಕು ಅನ್ನೋದನ್ನ ಅವರೇ ಆರಿಸ್ಕೊಳ್ಳಲಿ. ಯಾರು ಬಾಗಿಲು ತೆಗೀಬೇಕು, ಯಾರು ತೆಗೀಬಾರದು ಅನ್ನೋ ಉಸಾಬರಿ ಮಾತ್ರ ಅದಕ್ಕೆ ಬೇಡ."

ಚಿಕ್ಕಪ್ಪ ಚಿಕ್ಕಮ್ಮನ ಕಡೆ ನೋಡಿದ. "ಪರವಾಗಿಲ್ವೇ. ಇಷ್ಟನ್ನ ಅಲ್ಲಿ ಹೇಳಿದ್ರೆ ಸಾಕು."

"ಅಲ್ಲಿ ಜನ ಇರ್ತಾರಲ್ಲ, ಚಿಕ್ಕಪ್ಪ," ಎಂದೆ.

ಜನ ಇದ್ದರು. ಸರ್ಕಾರಿ ಕಚೇರಿಯ ಮೇಲಿನ ಮಹಡಿಯಲ್ಲಿ ಉದ್ದನೆಯ ಮೇಜು, ಅದರಾಚೆ ಸಮಿತಿಯ ಅಧ್ಯಕ್ಷರು, ಪಕ್ಕದಲ್ಲಿ ಹೇಳಿಕೆ ಬರೆದುಕೊಳ್ಳುವ ಗುಮಾಸ್ತ. ಈಚೆ ದೊಡ್ಡ ಆಸ್ಪತ್ರೆಯ ವಕೀಲರು. ಅವರನ್ನು ದ್ವೇಷಿಸಬೇಕೆಂದು ತಯಾರಾಗಿ ಹೋಗಿದ್ದೆ. ಅವರು ಎದ್ದು ನನಗೆ ಕುರ್ಚಿ ಸರಿಸಿಕೊಟ್ಟರು. ಅಲ್ಲಿಗೆ ನನ್ನ ಅರ್ಧ ತಯಾರಿ ಮಣ್ಣುಪಾಲಾಯಿತು.

ವಕೀಲರ ವಾದ ಚಿಕ್ಕದು. ನಮ್ಮ ಆಸ್ಪತ್ರೆಯಲ್ಲೇ ಹಾಸಿಗೆಗಳು ಖಾಲಿ ಬಿದ್ದಿವೆ, ಇನ್ನೂ ನಾಲ್ಕು ಬಂದರೆ ಇನ್ನಷ್ಟು ಖಾಲಿ ಬೀಳುತ್ತವೆ, ಆಗ ಬೇರೆ ದಾರಿಯಿಲ್ಲದೆ ದರ ಏರಿಸಬೇಕಾಗುತ್ತದೆ. ಗಿರಾಕಿ ಬರದಿದ್ದರೆ ದರ ಏರಿಸುವ ಅಂಗಡಿಯನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಕಂಡಿರಲಿಲ್ಲ. ಇದನ್ನು ಮನಸ್ಸಿನಲ್ಲೇ ಅದ್ಭುತವಾಗಿ ಹೇಳಿಕೊಂಡೆ.

ನನ್ನ ಸರದಿ ಬಂತು. ಎದ್ದು ನಿಂತು ಮೇಜಿನ ಅಂಚನ್ನೇ ನೋಡಿದೆ. ಅಧ್ಯಕ್ಷರಿಗೆ ಕನಿಕರ ಬಂದಿರಬೇಕು.

"ಭಾಷಣ ಏನೂ ಬೇಡಮ್ಮ. ಈ ಊರಿಗೆ ಈ ನಾಲ್ಕು ಹಾಸಿಗೆ ಅಗತ್ಯ ಇದೆಯಾ? ಅಷ್ಟು ಹೇಳಿ ಸಾಕು."

ಇದೆ ಎಂದು ಕೂತಿದ್ದರೆ ಮುಗಿಯುತ್ತಿತ್ತು. ಪಕ್ಕದಲ್ಲಿ ಚಿಕ್ಕಮ್ಮ ಆ ಒಂದು ಪದವನ್ನು ತುಟಿಯಲ್ಲೇ ನನಗಾಗಿ ಆಡಿ ತೋರಿಸುತ್ತಿದ್ದಳು. ಆದರೆ ಊರಿಗೆ ಏನು ಎಷ್ಟು ಬೇಕೆಂದು ಮೇಜಿನ ಹಿಂದೆ ಕೂತವರು ಮುಂಚಿತವಾಗಿ ಹೇಳಲಾರರು ಎಂಬುದೇ ನನ್ನ ಅಷ್ಟೂ ಡೈರಿಗಳ ಸಾರ. ಇದೆ ಎಂದುಬಿಟ್ಟರೆ ಆ ಪ್ರಶ್ನೆ ಕೇಳುವ ಹಕ್ಕು ಅವರಿಗಿದೆ ಎಂದು ಒಪ್ಪಿದಂತೆ. ಬದುಕಿನಲ್ಲಿ ಮೊದಲ ಬಾರಿಗೆ ನನ್ನ ದನಿ ಸ್ಪಷ್ಟವಾಗಿ ಹೊರಟಿತು.

"ಅದು ಯಾರಿಗೂ ಗೊತ್ತಾಗಲ್ಲ, ಸರ್. ಬಾಗಿಲು ತೆಗೆದು ನೋಡಬೇಕು."

"ನಿಮಗೂ ಗೊತ್ತಿಲ್ಲ?"

"ಇಲ್ಲ, ಸರ್."

"ಅರ್ಜಿ ಹಾಕಿರೋ ನಿಮ್ಮ ಚಿಕ್ಕಮ್ಮನಿಗೆ?"

"ಅವರಿಗೂ ಗೊತ್ತಿರೋಕೆ ಸಾಧ್ಯವೇ ಇಲ್ಲ."

"ಸ್ವಲ್ಪ ನಿಧಾನ ಹೇಳಮ್ಮ, ಬರ್ಕೋತೀನಿ," ಎಂದ ಗುಮಾಸ್ತ. ನಿಧಾನ ಮಾತಾಡು ಎಂದು ಇದುವರೆಗೆ ನನಗೆ ಯಾರೂ ಹೇಳಿರಲಿಲ್ಲ. ಖುಷಿಯಿಂದ ಎರಡನೇ ಸಲ, ಬಿಡಿಸಿ ಬಿಡಿಸಿ ಹೇಳಿದೆ.

ವಕೀಲರು ಅರ್ಧ ಎದ್ದು, "ನಾನು ಹೇಳಬೇಕಿದ್ದದ್ದನ್ನ ಅವರೇ ಹೇಳಿದ್ರು. ನನ್ನ ಪ್ರಶ್ನೆ ಏನೂ ಇಲ್ಲ," ಎಂದು ನನಗೆ ಕೈ ಮುಗಿದರು. ಅಗತ್ಯ ಸಾಬೀತಾಗಿಲ್ಲ, ಬೇಕಿದ್ದರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು ಎಂದು ಅಧ್ಯಕ್ಷರು ಆಗಲೇ ತೀರ್ಪು ಕೊಟ್ಟರು.

ಚಿಕ್ಕಮ್ಮ ನನಗಿಂತ ಮುಂದೆ ಮೆಟ್ಟಿಲಿಳಿದಳು. ಕೆಳಗಿನ ಗೇಟಿನ ಹತ್ತಿರ ನಿಂತಳು.

"ಇದೆ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

"ಹಾಗಂದಿದ್ರೆ ಅವರ ನಿಯಮನೇ ಸರಿ ಅಂದ ಹಾಗಾಗ್ತಿತ್ತು, ಚಿಕ್ಕಮ್ಮ."

"ನೀನು ಹೇಳಿದ್ದರಲ್ಲಿ ತಪ್ಪಿಲ್ಲ, ಅದಕ್ಕೇ ಇನ್ನೂ ಉರೀತಿದೆ ನಂಗೆ. ತಪ್ಪು ಹೇಳಿದ್ರೆ ಬಯ್ದಾದ್ರೂ ಹಗುರ ಆಗ್ತಿದ್ದೆ." ಕಣ್ಣು ಒರೆಸಿಕೊಂಡಳು. "ಮನೆ ಹಿಡಿದಾಯ್ತು, ಕೆಲಸ ಬಿಟ್ಟಾಯ್ತು. ಈಗ ಆ ಏಣಿ ಮೇಲೆ ನಾನೇ ಹತ್ತಿ ಇಳೀಲಾ?"

ನಾನು ವಾಪಸು ಮೇಲೆ ಹತ್ತಿದೆ. ಧೈರ್ಯದಿಂದಲ್ಲ. ಕೆಳಗೆ ನಿಂತು ಆ ಮುಖ ನೋಡುವುದಕ್ಕಿಂತ ಮೇಲಿನ ಜನರೇ ವಾಸಿ ಎನಿಸಿತು, ಅಷ್ಟೇ. ಅಧ್ಯಕ್ಷರು ಊಟದ ಡಬ್ಬಿ ಬಿಚ್ಚುತ್ತಿದ್ದರು.

"ಸರ್, ಹಾಸಿಗೆ ಇಲ್ಲದಿದ್ರೂ ಅಗತ್ಯ ತೋರಿಸಬೇಕಾ? ಹಗಲು ಬಂದು, ಅಭ್ಯಾಸ ಮಾಡಿ, ಹೋದ್ರೆ?"

"ಹಾಸಿಗೆ ಇಲ್ಲ ಅಂದ್ಮೇಲೆ ನಮಗೇನಮ್ಮ ಸಂಬಂಧ? ನಾಳೇನೇ ತೆಗೀರಿ."

ಹೀಗೆ ಚಿಕ್ಕಮ್ಮನ ಬಾಗಿಲು ತೆರೆಯಿತು. ಹಾಸಿಗೆಗಳು ಅಂಗಡಿಗೆ ವಾಪಸಾದವು, ಒಳಕೋಣೆ ಖಾಲಿ ಉಳಿಯಿತು. ಬಂದವರನ್ನು ಸಾಲಾಗಿ ಕೂರಿಸುವ ಕೆಲಸ ನನ್ನದಾಯಿತು. ಸಾಲಾಗಿ ಕೂರಿ ಎನ್ನಲು ನನ್ನ ನಾಲಿಗೆ ಹೊರಳುವಷ್ಟರಲ್ಲಿ ಅವರೇ ಕೂತಿರುತ್ತಾರೆ. ಕಂಬಿಗಳು ಬೆಳಗಿನ ಹೊತ್ತು ಬಿಡುವಾಗುವುದೇ ಇಲ್ಲ.

ಮೊನ್ನೆ ಸಂಜೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬಂದಳು. ಒಂದು ಪಕ್ಕ ಸ್ವಾಧೀನ ತಪ್ಪಿ ಈಗಷ್ಟೇ ಮರಳುತ್ತಿತ್ತು. ಒಬ್ಬಳೇ ಇರುವುದು, ಅದೂ ಮೇಲಿನ ಮಹಡಿಯಲ್ಲಿ. ಏಣಿ ಎರಡು ಬಾರಿ ಹತ್ತಿಳಿದು ಕೂತು, ತೆರೆದಿದ್ದ ಒಳಕೋಣೆಯತ್ತ ನೋಡಿದಳು.

"ಅಲ್ಲೇ ಒಂದು ವಾರ ಇದ್ದುಬಿಡ್ಲಾ, ಅಕ್ಕ? ದುಡ್ಡು ಕೊಡ್ತೀನಿ. ದಿನಾ ಮೆಟ್ಟಿಲು ಇಳಿದು ಬರೋಕಾಗಲ್ಲ."

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. "ನೀನೇ ಹೇಳು."

"ಇಲ್ಲಿ ಉಳ್ಕೊಳ್ಳೋ ಹಾಗಿಲ್ಲ," ಎಂದೆ. "ದೊಡ್ಡ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇವೆಯಂತೆ."

"ಅಲ್ಲಿಂದ್ಲೇ ಬಿಟ್ಟು ಬಂದೆ ಕಣಮ್ಮ. ಅಷ್ಟು ದುಡ್ಡು ಎಲ್ಲಿಂದ ತರ್ಲಿ? ಇಲ್ಲಿ ಯಾಕಾಗಲ್ಲ? ಜಾಗ ಇಲ್ವಾ?"

"ಜಾಗ ಇದೆ."

"ಮತ್ತೆ?"

ಸಮಿತಿ, ಪರವಾನಗಿ, ಪೈಪೋಟಿಯ ಭಯ, ಎಲ್ಲವೂ ಗಂಟಲಲ್ಲಿ ಸಾಲುಗಟ್ಟಿದವು. ಅವಳು ನನ್ನ ಮುಖವನ್ನೇ ನೋಡುತ್ತ ಕಾದಳು.

ಚಿಕ್ಕಮ್ಮ ಅವಳ ತೋಳು ಹಿಡಿದು ಎಬ್ಬಿಸಿದಳು. "ನಾನೇ ನಿಮ್ಮ ಮನೆಗೆ ಬರ್ತೀನಿ ಬಿಡಿ, ದಿನಾ ಸಂಜೆ. ಮುಂದಿನ ವರ್ಷ ಒಂದು ಕಡೆ ಬಂದು ಒಂದು ಮಾತು ಹೇಳಬೇಕು, ಬರ್ತೀರಾ?"

"ಏನು ಹೇಳಬೇಕು?"

"ಈಗ ಕೇಳಿದ್ರಲ್ಲ, ಅದನ್ನೇ." ಆಮೇಲೆ ನನಗೆ, "ಅವತ್ತು ನೀನು ಇಲ್ಲೇ ಇರು, ಅಂಗಡಿ ನೋಡ್ಕೋ."